ಕೆರೆದಂಡೆಯ ಫಹ್ಮಿದಾ ಮೇಡಂ

ಫಹ್ಮಿದಾ ಮೇಡಂ ಅವರೊಡನೆ ಕೆರೆ ಸುತ್ತಲು ಹೊರಟವರು ಆ ಬೆಳಿಗ್ಗೆ ಬೇರೆ ಕೆಲಸ ಇಟ್ಟುಕೊಳ್ಳಬಾರದು. ಎಡಗಾಲನ್ನು ತುಸು ಎಳೆದು ಹಾಕುವ ನಡಿಗೆ ಅವರದು. ಆದರೆ ವಿಳಂಬಕ್ಕೆ ಕಾರಣ ಅದಲ್ಲ. ಬಲೆ ಒಣಗಹಾಕುವವನ ಬಳಿ, ಹುಲ್ಲಿನ ಹೊರೆ ಕಟ್ಟುವವಳ ಬಳಿ, ಅಪಾರ್ಟ್‌ಮೆಂಟಿನ ಕಾವಲುಗಾರನ ಬಳಿ ನಿಂತು, ಅವರವರ ಮನೆಮಂದಿಯ ಕ್ಷೇಮಸಮಾಚಾರವೆಲ್ಲ ವಿಚಾರಿಸಿ ತೃಪ್ತರಾದ ಮೇಲಷ್ಟೇ ಆ ಪಾದಗಳು ಮುಂದಕ್ಕೆ ಸರಿಯುತ್ತವೆ. ಶಿವಾಜಿನಗರದ ಗಲ್ಲಿಯೊಂದರಲ್ಲಿ ಹುಟ್ಟಿ, ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಬೋಧಿಸಿ, ನಿವೃತ್ತಿಯ ನಂತರ ಸಿ.ವಿ. ರಾಮನ್ ನಗರದಲ್ಲಿ ನೆಲೆಸಿದ ಅವರು ಪ್ರಯೋಗಶಾಲೆಯ ಬಿಳಿ ಕೋಟನ್ನು ಮಾತ್ರ ಇನ್ನೂ ಬಿಟ್ಟಿಲ್ಲ. ಅದೀಗ ಬಿಳಿಯೂ ಅಲ್ಲ. ಅದರ ಅಗಾಧ ಜೇಬುಗಳಲ್ಲಿ ದುರ್ಬೀನು, ಹುರಿಗಡಲೆ, ಯಾರದೋ ಮಗುವಿಗೆಂದು ಕೊಂಡ ಪೆಪ್ಪರ್‌ಮೆಂಟು ಎಲ್ಲವೂ ಸಹಬಾಳ್ವೆ ನಡೆಸುತ್ತವೆ.

ಕೆ.ಆರ್. ಪುರದ ಆಚೆಗಿನ ನಮ್ಮ ಪುಟ್ಟ ಕೆರೆಯನ್ನು ಉಳಿಸಲು ಸೇರಿದ ಗುಂಪಿನಲ್ಲಿ ನಾನೂ ಒಬ್ಬ. ಗುಂಪಿನ ಚೈತನ್ಯವೆಂದರೆ ತೇಜಶ್ರೀ, ಮಾರತ್ತಹಳ್ಳಿಯ ಕಂಪನಿಯೊಂದರಲ್ಲಿ ಉದ್ಯೋಗದಲ್ಲಿರುವ ತರುಣಿ. ನೇರಳೆ ಜಂಬುಕೋಳಿಗಳು ಗೂಡು ಕಟ್ಟುವ ಜೊಂಡಿನೊಳಗೆ ಪಕ್ಕದ ಹೊಲದ ರೈತ ಮುನಿರಾಜಪ್ಪನವರ ದನಗಳು ನುಗ್ಗುತ್ತವೆಂದು ಸಿಟ್ಟಾಗಿ, ಯಾರನ್ನೂ ಕೇಳದೆ ಆಕೆ ಕೆರೆ ನೋಡಿಕೊಳ್ಳುವ ಇಲಾಖೆಗೆ ಅವರ ಮೇಲೆ ದೂರು ಕೊಟ್ಟಳು. ಅಧಿಕಾರಿಗಳು ಬಂದು ಗದರಿಸಿಹೋದರು. ಮರುದಿನವೇ ಮುನಿರಾಜಪ್ಪ ತಮ್ಮ ಹೊಲದಂಚಿನ ದಾರಿಗೆ ಮುಳ್ಳುಬೇಲಿ ಹಾಕಿದರು. ಕೆರೆಗೆ ನೀರು ತರುವ ಕಾಲುವೆ ಹೂಳು ತುಂಬಿ ಕುಳಿತಿತ್ತು. ಅದನ್ನು ತಲಪಲು ಇದ್ದುದು ಅದೊಂದೇ ದಾರಿ. ಮಳೆಗಾಲ ಹತ್ತಿರವಾಗಿತ್ತು.

“ಪೊಲೀಸ್ ಕಂಪ್ಲೇಂಟ್ ಕೊಟ್ಬಿಡೋಣ ಮೇಡಂ,” ಎಂದಳು ತೇಜಶ್ರೀ.

“ಕೊಡು. ಆಮೇಲೆ?”

“ದಾರಿ ಬಿಡಿಸ್ಕೊಡ್ತಾರೆ.”

“ಆಮೇಲೆ? ಮುಂದಿನ್ ವರ್ಷ ಹೂಳು ತೆಗೆಯೋಕೂ ಪೊಲೀಸ್ನೋರೇ ಬರ್ತಾರಾ ಬೇಟಾ?”

ಆ ಸಂಜೆ ತೇಜಶ್ರೀಯನ್ನೂ ನನ್ನನ್ನೂ ಕರೆದುಕೊಂಡು ಮೇಡಂ ಮುನಿರಾಜಪ್ಪನವರ ಮನೆಗೆ ನಡೆದರು. ಬಾಗಿಲಲ್ಲೇ ಎದುರಾದ ಮುನಿರಾಜಪ್ಪ, “ಯಾಕ್ ಬಂದ್ರಿ? ಇನ್ನೊಂದ್ ಕೇಸ್ ಹಾಕಕ್ಕಾ?” ಎಂದರು.

“ಸೊಸೆಗೆ ಹೆರಿಗೆ ಆಯ್ತಂತಲ್ಲ, ಮಗು ನೋಡೋಕೆ ಬಂದ್ವಿ.”

ಬಾಣಂತಿಯನ್ನೂ ಮಗುವನ್ನೂ ನೋಡಲು ಬಂದವರಿಗೆ ಮುಖ ತಿರುಗಿಸುವುದು ಹೇಗೆ? ಅವರು ಸರಿದು ದಾರಿ ಬಿಟ್ಟರು. ಕೆರೆಯ ಸುದ್ದಿ ಅಲ್ಲಿ ಬರಲೇ ಇಲ್ಲ. ಮೇಡಂ ಮಗುವನ್ನು ತೇಜಶ್ರೀಯ ಮಡಿಲಲ್ಲಿ ಮಲಗಿಸಿದರು. ಎಳೆಗೂಸನ್ನು ಎತ್ತಿ ಅಭ್ಯಾಸವಿಲ್ಲದ ಹುಡುಗಿ ಉಸಿರು ಬಿಗಿಹಿಡಿದು ಕುಳಿತಿದ್ದನ್ನು ಕಂಡು ಮುನಿರಾಜಪ್ಪನವರ ಹೆಂಡತಿ ನಕ್ಕರು. ಹೀಗೆ ಇನ್ನೂ ಒಂದೆರಡು ಭೇಟಿಗಳಾದವು. ಕೊನೆಗೊಂದು ದಿನ, ಯಾರೂ ಹೇಳಿಕೊಡದೆ, ತೇಜಶ್ರೀಯೇ ಬಾಯಿಬಿಟ್ಟಳು: “ನಿಮ್ಮನ್ನ ಒಂದ್ ಮಾತೂ ಕೇಳ್ದೆ ಕಂಪ್ಲೇಂಟ್ ಕೊಟ್ಬಿಟ್ಟೆ ಅಂಕಲ್. ತಪ್ಪಾಯ್ತು.”

ಮುನಿರಾಜಪ್ಪ ಕೊಟ್ಟಿಗೆಯತ್ತ ತಿರುಗಿದರು. “ದನಕ್ಕೆ ಮೇವು ಎಲ್ಲಿಂದ ತರಾನಮ್ಮ? ಇದ್ದ ಗೋಮಾಳ ಎಲ್ಲಾ ಲೇಔಟ್ ಆಗೋಯ್ತು.”

ಇಷ್ಟು ದಿನ ನಮ್ಮಲ್ಲಿ ಯಾರೂ ಕೇಳದಿದ್ದ ಸಂಗತಿಯದು. ದಂಡೆಯ ಹುಲ್ಲನ್ನು ಅವರು ಕೊಯ್ದುಕೊಳ್ಳುವುದು, ಮರಿಗಳು ಬಲಿಯುವವರೆಗೆ ಜೊಂಡಿನೊಳಗೆ ದನ ಬಿಡದಿರುವುದು ಎಂದು ಅಲ್ಲೇ ತೀರ್ಮಾನವಾಯಿತು. ಮರುದಿನ ದಾರಿಯ ಮುಳ್ಳುಬೇಲಿ ತೆರವಾಯಿತು; ಮಳೆಗೆ ಮುನ್ನ ಕಾಲುವೆಯ ಹೂಳನ್ನೂ ತೆಗೆದದ್ದಾಯಿತು.

ಆದರೆ ಅಧಿಕಾರಿಗಳು ಕೆರೆಯ ಸುತ್ತ ಸಂದಿಲ್ಲದ ಬೇಲಿ ಹಾಕಲು ಹೊರಟಿದ್ದರು. ಅದರ ಬಗ್ಗೆ ಅವರು ಕರೆದ ಸಭೆಯಲ್ಲಿ ಮೇಡಂ ಮಾತಾಡುವರೆಂದೇ ನಾವೆಲ್ಲ ನಂಬಿದ್ದೆವು. ಅವರೋ ಹಿಂದಿನ ಸಾಲಿನಲ್ಲಿ ಕುಳಿತು ಕಿಟಕಿಯಾಚೆಯ ಹೊಂಗೆಮರ ನೋಡುತ್ತಿದ್ದರು. ತೇಜಶ್ರೀ ಎರಡು ಸಲ ಹಿಂತಿರುಗಿ ನೋಡಿ, ವಿಧಿಯಿಲ್ಲದೆ ಎದ್ದು, ಹುಲ್ಲು ಕೊಯ್ಯುವವರಿಗೆ ದಾರಿ ಬೇಕೆಂದು ತೊದಲಿದಳು. ಮುನಿರಾಜಪ್ಪ ಎದ್ದು ಬಂದು ಅವಳ ಪಕ್ಕದಲ್ಲಿ ನಿಂತರು. “ಈ ಮಗು ಹೇಳ್ತಿರೋದು ನಮ್ ಮಾತೂನೂವೆ ಸಾರ್,” ಎಂದರು. ಅಲ್ಲಿಂದ ಅವಳ ದನಿ ಗಟ್ಟಿಯಾಯಿತು. ಬೇಲಿಯಲ್ಲಿ ಹುಲ್ಲು ಕೊಯ್ಯುವವರಿಗೆ ಬಾಗಿಲು ಉಳಿಯಿತು.

“ಒಂದ್ ಮಾತಾದ್ರೂ ಆಡ್ಬಾರ್ದಿತ್ತಾ ಮೇಡಂ?” ಹೊರಗೆ ಬಂದ ಮೇಲೆ ಅವಳು ರೇಗಿದಳು.

“ನಾನು ಆಡಿದ್ರೆ ಅವ್ರು ಯಾವಾಗ್ಲೂ ನನ್ ಮುಖಾನೇ ನೋಡ್ತಿದ್ರು. ಇನ್ಮೇಲೆ ನಿನ್ನ ಮುಖ ನೋಡ್ತಾರೆ.”

ಆ ವರ್ಷ ಕಾಲುವೆಯಲ್ಲಿ ಕೆಂಪು ನೀರು ಹರಿದು ಬಂದಾಗ ಅದನ್ನು ಮೊದಲು ಕಂಡು ತೇಜಶ್ರೀಗೆ ಫೋನು ಮಾಡಿದವರು ಮುನಿರಾಜಪ್ಪ. ಮೇಡಂಗೆ ಆ ಸುದ್ದಿ ತಲಪಿದ್ದು ಮೂರನೆಯವರಿಂದ. ಅದಕ್ಕಾಗಿ ಅವರು ಪಟ್ಟ ಸಂತೋಷವನ್ನು ನಾನು ಕಣ್ಣಾರೆ ಕಂಡೆ.

ಕೆರೆ, ಕಾಡು, ಹಕ್ಕಿಗಳನ್ನು ಉಳಿಸುವವರ ಹೆಸರು ನಮಗೆ ಬೇಗ ಸಿಗುತ್ತದೆ. ಅವರನ್ನು ಒಬ್ಬರಿಗೊಬ್ಬರು ಬೇಕಾದವರನ್ನಾಗಿ ಮಾಡಿ, ಆಮೇಲೆ ತಾವು ಅಷ್ಟಾಗಿ ಬೇಡವಾಗುವುದರಲ್ಲೇ ಸುಖ ಕಾಣುವ ಇಂಥವರು ಯಾವ ಫಲಕದ ಮೇಲೂ ಕಾಣಿಸುವುದಿಲ್ಲ. ಆದರೆ ಒಂದು ಊರಿನಲ್ಲಿ ಜನ ಪರಸ್ಪರ ಮುಖ ಕೊಟ್ಟು ಮಾತಾಡುತ್ತಿದ್ದಾರೆಂದರೆ, ಅಲ್ಲಿ ಇಂಥವರೊಬ್ಬರು ನಿಧಾನವಾಗಿ ನಡೆದಾಡಿದ್ದಾರೆಂದು ತಿಳಿಯಬೇಕು.