ಗೆದ್ದಲಮ್ಮನ ರಾಜಿ

ಒಂದೂರಿನಲ್ಲಿ ದೊಡ್ಡವರು ನಡೆದದ್ದೇ ದಾರಿ. ಅಲ್ಲಿಯ ಆನೆ ಧಣಿ ಒಂದು ದಿನ ಕೆರೆಗೆ ಹೋಗುತ್ತ ಗೆದ್ದಲಮ್ಮನ ಹುತ್ತದ ಮೇಲೆ ಕಾಲಿಟ್ಟ. ಅವನಿಗೆ ಅದು ತಿಳಿಯಲೂ ಇಲ್ಲ. ಗೆದ್ದಲಮ್ಮನಿಗೆ ಮನೆಯ ಜೊತೆ ಅರ್ಧ ಸಂಸಾರವೇ ಹೋಯಿತು.

ಅವಳು ನ್ಯಾಯಸ್ಥಾನಕ್ಕೆ ಹೋದಳು. ನ್ಯಾಯಾಧೀಶ ಆಮೆ, ವಿಚಾರಣೆಯೂ ಅವನ ನಡಿಗೆಯಲ್ಲೇ ಸಾಗುತ್ತಿತ್ತು. ಮೂರು ವಾಯಿದೆ ಕಳೆಯುವಷ್ಟರಲ್ಲಿ ಆಕಾಶದಲ್ಲಿ ಮೋಡ ಕಟ್ಟಿತು. ಉಳಿದ ಮರಿಗಳನ್ನು ಬಯಲಿನಲ್ಲಿಟ್ಟುಕೊಂಡ ತಾಯಿಗೆ ನ್ಯಾಯಕ್ಕಿಂತ ಮೊದಲು ಸೂರು ಬೇಕಿತ್ತು.

ಆಗ ಆನೆಯ ವಕೀಲ ಕೊಕ್ಕರೆ ಬಂದ. "ಧಣಿಗಳು ತಮ್ಮ ಮರದ ಮನೆಯ ಹಿತ್ತಲಲ್ಲಿ ಒಂದು ಮೂಲೆ ಕೊಡ್ತಾರಮ್ಮ. ಫಿರ್ಯಾದು ವಾಪಸ್ ತಗೊಂಡುಬಿಡು."

ಮುತ್ತುಗದ ಎಲೆಯ ಮೇಲೆ ರಾಜಿ ಬರೆದಾಯಿತು: ಇಬ್ಬರೂ ಒಬ್ಬರಿಗೊಬ್ಬರು ಮಾಡಿದ, ಮುಂದೆ ಮಾಡುವ, ಗೊತ್ತಿರುವ, ಗೊತ್ತಿಲ್ಲದ ಯಾವ ನಷ್ಟಕ್ಕೂ ಪರಿಹಾರ ಕೇಳುವಂತಿಲ್ಲ. ಒಬ್ಬರೇ ಬಿಟ್ಟುಕೊಟ್ಟ ರಾಜಿ ಆ ಊರಿನಲ್ಲಿ ಊರ್ಜಿತವಾಗುತ್ತಿರಲಿಲ್ಲ. ಅದಕ್ಕೇ ಆ 'ಇಬ್ಬರೂ'. ಆನೆ ನಕ್ಕ. "ಈ ಹುಳ ನನಗೇನು ನಷ್ಟ ಮಾಡೀತು? ಬರಿ, ಬರಿ."

ಗೆದ್ದಲಮ್ಮ ಒಪ್ಪಿದಳು. ಅದನ್ನು ಒಪ್ಪಿಗೆ ಎನ್ನಲು ನನಗಂತೂ ಮನಸ್ಸು ಬರುವುದಿಲ್ಲ.

ಮರಿಗಳಿಗೆ ಹಸಿವಾಯಿತು. ಎದುರಿಗೆ ಇದ್ದದ್ದನ್ನು ತಿಂದವು. ಎರಡು ಮಳೆಗಾಲ ಕಳೆದಾಗ ಧಣಿಯ ಮಹಡಿ ಒಂದು ಮಗ್ಗುಲಿಗೆ ವಾಲಿತು. ಆನೆ ಘೀಳಿಡುತ್ತ ನ್ಯಾಯಸ್ಥಾನಕ್ಕೆ ಬಂದ.

"ಕೇಳುವಂತಿಲ್ಲ ಎಂದು ನೀವೇ ಬರೆಸಿದ್ದೀರಲ್ಲ?" ಎಂದ ಆಮೆ.

"ಮುಂದೆ ಆಗೋದು ಅವತ್ತೇ ಯಾರಿಗೆ ಗೊತ್ತು ಸ್ವಾಮಿ? ಏನು ಅಂತ ಗೊತ್ತಿಲ್ಲದೆ ಬಿಟ್ಟುಕೊಟ್ಟದ್ದನ್ನ ಬಿಟ್ಟುಕೊಟ್ಟಂತೆ ಅನ್ನೋದು ಯಾವ ನ್ಯಾಯ?"

ಮಾತು ನಿಜವಾಗಿತ್ತು. ಹಿಂದೆ ಆ ಊರಿನ ಬಡವರು ಇದನ್ನೇ ಹೇಳಿದಾಗಲೂ ಅದು ನಿಜವೇ ಆಗಿತ್ತು. ಆದರೆ ಅಂದು ಕೇಳಿಸಿಕೊಂಡವರಿಲ್ಲ. ಆಮೆ ತಲೆಯಾಡಿಸಿ ಎಲೆಯನ್ನು ಹರಿದು ಹಾಕಿದ.

ಗೆದ್ದಲಮ್ಮ ಇನ್ನು ಮರಿಗಳನ್ನು ಕಟ್ಟಿಕೊಂಡು ಮತ್ತೆ ಬಯಲಿಗೇ ಬೀಳಬೇಕು. ಆದರೂ ಧೈರ್ಯ ತಂದುಕೊಂಡು ಕೇಳಿದಳು. "ರಾಜಿ ಹೋಯ್ತು, ಜಾಗವೂ ಹೋಯ್ತು. ಹಾಗಾದ್ರೆ ಅದಕ್ಕೋಸ್ಕರ ನಾನು ಬಿಟ್ಟ ಫಿರ್ಯಾದು ಏನಾಯ್ತು ಸ್ವಾಮಿ?"

ಆಮೆ ಹರಿದ ಎಲೆಯ ಚೂರುಗಳತ್ತ ನೋಡಿದ. "ಅದು ಮತ್ತೆ ಎದ್ದಿತು," ಎಂದ.

ಸತ್ತವರ ಹೆಸರನ್ನೆಲ್ಲ ಫಿರ್ಯಾದಿ ಒಂದೊಂದಾಗಿ ಹೇಳಬೇಕು, ಪ್ರತಿವಾದಿ ಕದಲದೆ ನಿಂತು ಕೇಳಬೇಕು ಎಂಬುದು ಆ ನ್ಯಾಯಸ್ಥಾನದ ರೂಢಿ.

"ಎಷ್ಟು ಹೆಸರಮ್ಮ?"

"ಹನ್ನೊಂದು ಸಾವಿರ ಸ್ವಾಮಿ. ಎಲ್ಲವೂ ನೆನಪಿದೆ. ಹಿರಿಯವನಿಂದ ಶುರು ಮಾಡ್ತೀನಿ."

ಏಳನೆಯ ಹೆಸರಿಗೆ ಆನೆ ಮೊಣಕಾಲೂರಿ, ಸೊಂಡಿಲಿನಿಂದ ಎಲೆಯ ಚೂರುಗಳನ್ನು ಹೆಕ್ಕತೊಡಗಿದ. "ಅಂಟಿಸೋಕೆ ನಿನ್ನ ಹತ್ರ ಒಂದಿಷ್ಟು ಹಸಿ ಮಣ್ಣಿದ್ರೆ ಕೊಡು ತಾಯಿ," ಎಂದ.

ಗೆದ್ದಲಮ್ಮ ಎಂಟನೆಯ ಹೆಸರು ಹೇಳಿದಳು.