ಕಬ್ಬಿಣ ಹೊತ್ತ ಹೆಗಲು

ಗುದ್ಲೆಪ್ಪನ ಚಟ್ಟಕ್ಕೆ ಹಗ್ಗ ಬಿಗಿಯುತ್ತಿದ್ದ ಶಹಾಬುದ್ದೀನನ ಎದುರು ಸತ್ತವನ ಹೆಂಡತಿ ತಿಪ್ಪವ್ವ ಬಂದು ನಿಂತಳು.

“ಅಣ್ಣಾ, ಈಗಽ ಎತ್ತಬ್ಯಾಡ್ರಿ. ಬೀರಪ್ಪ ಬಂದಿಲ್ಲ. ಬೆನ್ನಿಗೆ ಬಿದ್ದ ತಮ್ಮ ಹೆಗಲ ಕೊಡದಿದ್ರ ಇವರ ಜೀವಕ್ಕ ಸಮಾಧಾನ ಹೆಂಗ ಆದೀತು?”

“ಮುಂಜಾನೆ ಮೈಲಾರಲಿಂಗ ಹೋಗಿದ್ನಲ್ಲ?”

“ಹೋಗಿದ್ದ. ಕಾಕಾ ಮಾರಿ ತಿರುವಿ ಕುಂತ್ನಂತ. ನೀವಽ ಹೋಗಿ ಕರಕೊಂಡ ಬರ್ರಿ.”

ಶಹಾಬುದ್ದೀನ ಹಗ್ಗವನ್ನು ಮೈಲಾರಲಿಂಗನ ಕೈಗೆ ಕೊಟ್ಟು ಎದ್ದ. ಆ ಹುಡುಗನ ಅಪ್ಪ ಗುದ್ಲೆಪ್ಪ ಮತ್ತು ಶಹಾಬುದ್ದೀನ ಯಲವಿಗಿ ಕಡೆಯ ರೈಲು ಹಳಿಯ ಮೇಲೆ ನೌಕರಿ ತೀರುವ ತನಕ ಜೊತೆಗೆ ದುಡಿದವರು. ಸುದ್ದಿ ಕೇಳಿದವನೇ ಬಂಕಾಪುರದಿಂದ ಮೊದಲ ಬಸ್ಸಿಗೆ ಬಂದಿದ್ದ. ಅಣ್ಣನ ಹೆಣ ಅಂಗಳದಲ್ಲಿದ್ದರೂ ಬೀರಪ್ಪ ಯಾಕೆ ಬರಲಿಲ್ಲ ಎಂಬುದು ಊರಿಗೆಲ್ಲ ಗೊತ್ತಿತ್ತು. ಊರಿಗೆ ಗೊತ್ತಿರದ ಮಾತೊಂದು ಶಹಾಬುದ್ದೀನನ ಹೊಟ್ಟೆಯಲ್ಲಿತ್ತು. ಅದನ್ನು ಹೇಳಬೇಕಾದವನು ಹಣೆಗೆ ಭಂಡಾರ ಹಚ್ಚಿಸಿಕೊಂಡು ಸುಮ್ಮನೆ ಮಲಗಿದ್ದ.

*

ಗುದ್ಲೆಪ್ಪ ದಿನಾ ಹಳಿಗುಂಟ ನಡೆದು ತಪಾಸಣೆ ಮಾಡುವ ಕೀಮ್ಯಾನ್ ಆಗಿದ್ದ. ಬೆಳಗಾದರೆ ಹೆಗಲಿಗೆ ಬೋಲ್ಟ್ ತಿರುವುವ ಉದ್ದನೆಯ ಪಾನಾ, ಕೈಯಲ್ಲಿ ಸುತ್ತಿಗೆ, ಕಂಕುಳಲ್ಲಿ ಕೆಂಪು ಬಾವುಟ. ಒಂದು ಹಳಿ ಮುಗಿದು ಇನ್ನೊಂದು ಶುರುವಾಗುವಲ್ಲಿ ಎರಡೂ ಮಗ್ಗುಲಿಗೆ ಕಬ್ಬಿಣದ ಪಟ್ಟಿ ಕೂರಿಸಿ ಬೋಲ್ಟ್ ಬಿಗಿದಿರುತ್ತಾರೆ. ಫಿಶ್‌ಪ್ಲೇಟ್ ಎಂದರೆ ಅದೇ. ಅದು ಸಡಿಲಾದರೆ ಹಳಿಯ ತುದಿ ಕುಣಿಯುತ್ತದೆ, ಮೇಲೆ ಬಂದ ಗಾಲಿ ದಾರಿ ಬಿಡುತ್ತದೆ. ಹಾಗಂತ ಎರಡು ತುದಿಯನ್ನು ಒತ್ತಿ ಕೂರಿಸುವಂತೆಯೂ ಇಲ್ಲ. ಬೇಸಿಗೆಗೆ ಕಬ್ಬಿಣ ಹಿಗ್ಗುತ್ತದೆ, ಅದಕ್ಕೊಂದು ಸಂದು ಬೇಕು. ಎಲ್ಲಿ ಸಡಿಲ, ಎಲ್ಲಿ ಬಿಗಿ ಎಂಬುದು ಗುದ್ಲೆಪ್ಪನಿಗೆ ಸುತ್ತಿಗೆ ತಾಗಿಸಿದ ಸದ್ದಿನಲ್ಲೇ ತಿಳಿಯುತ್ತಿತ್ತು. ಮನುಷ್ಯರ ವಿಷಯದಲ್ಲಿ ಮಾತ್ರ ಅವನಿಗೆ ಅಷ್ಟು ನಾಜೂಕು ಇರಲಿಲ್ಲ.

ಒಂದು ಮುಂಜಾನೆ ತಮ್ಮನ ಹೊಲದ ಎದುರಿನ ಜೋಡಣೆಯಲ್ಲಿ ಒಂದು ಬೋಲ್ಟ್ ಇರಲಿಲ್ಲ. ಬೇರೆಯದನ್ನು ಹಾಕಿ ಬಿಗಿದು ತಲೆ ಎತ್ತಿದರೆ, ಹೊಲದಲ್ಲಿ ನಿಂತ ಚಕ್ಕಡಿಯ ನೊಗ ಕಟ್ಟುವ ಮುರಿದ ಈಸುಮರಕ್ಕೆ ಒಂದು ಫಿಶ್‌ಪ್ಲೇಟ್ ಆಸರೆ ಕೊಟ್ಟು, ಬೋಲ್ಟ್ ಹಾಕಿ ಬಿಗಿದಿತ್ತು!

“ಹಳೇದೈತೋ ಅಣ್ಣಾ,” ಎಂದ ಬೀರಪ್ಪ. “ನಿಮ್ಮ ಗ್ಯಾಂಗಿನವರು ಬೋಲ್ಟ್ ಸಮೇತ ಹುಲ್ಲಾಗ ಒಗದ ಹೋಗಿದ್ರು. ಸವದ ಹೋಗೇತಿ, ಬಂದ ನೋಡ ಬೇಕಾರ.”

ಗುದ್ಲೆಪ್ಪ ನೋಡಲಿಲ್ಲ. ಆ ಹಳಿಯನ್ನು ನಂಬಿ ಎಷ್ಟು ಜನ ಗಾಡಿಯಲ್ಲಿ ನಿದ್ದೆ ಮಾಡುತ್ತಾ ಹೋಗುತ್ತಾರೆ ಎಂಬ ಸಿಟ್ಟಿನಲ್ಲಿ ನೆಟ್ಟಗೆ ರೈಲ್ವೆ ಸ್ಟೇಷನ್ನಿಗೆ ನಡೆದು, ತಮ್ಮನ ಹೆಸರು ಹೇಳಿಬಿಟ್ಟ. ಪೊಲೀಸರು ಬಂದರು. ಪ್ಲೇಟನ್ನು ಬೀರಪ್ಪನ ಹೆಗಲಿಗೇ ಹೊರಿಸಿ, ತುಂಬಿದ ಸಂತೆಯ ನಡುವೆ ನಡೆಸಿಕೊಂಡು ಹೋದರು. ಕೇಸು ಆಮೇಲೆ ಬಿದ್ದುಹೋಯಿತು. ಆದರೆ ಸಂತೆಯಲ್ಲಿ ನೋಡಿದವರ ಬಾಯಿಂದ ಕಳ್ಳ ಎಂಬ ಮಾತು ಹೋಗಲಿಲ್ಲ.

*

ಬೀರಪ್ಪನ ಹೊಲ ರೈಲ್ವೆ ಗೇಟಿನ ಆಚೆ, ಹಳಿಗೆ ಹತ್ತಿಕೊಂಡೇ ಇತ್ತು. ಮಣ್ಣು ಮಾಡುವ ಜಾಗಕ್ಕೂ ಅದೇ ದಾರಿ. ಅವನು ಬೇವಿನ ಕೆಳಗೆ ಹೊರಸಿನ ಮೇಲೆ ಕೂತಿದ್ದ. ಹೆಂಡತಿ ಸರೋಜವ್ವ ಶಹಾಬುದ್ದೀನನಿಗೆ ನೀರು ತಂದುಕೊಟ್ಟಳು.

“ಮಣ್ಣಿಗೆ ಕರಿಯಾಕ ಬಂದಿದ್ರ ಹೊಳ್ಳಿ ಹೋಗ್ರಿ,” ಎಂದ ಬೀರಪ್ಪ. “ಅವನ ಸಲುವಾಗಿ ಈ ಹೆಗಲಮ್ಯಾಲ ಕಬ್ಬಣ ಹೊತ್ತೇನಿ. ಅವನ್ನ ಹೊರೂದಿಲ್ಲ.”

“ಆ ಬೋಲ್ಟ್ ಸಿಕ್ಕಿತ್ತು, ಬೀರಪ್ಪ.”

“ಯಾವ ಬೋಲ್ಟ್?”

“ನೀ ಕದ್ದಿ ಅಂದಿದ್ದು. ಹಳಿ ಬುಡದಾಗಿನ ಖಡಿ ಸ್ವಚ್ಛ ಮಾಡಾಕತ್ತಿದ್ವಿ, ಅಲ್ಲೇ ಬಿದ್ದಿತ್ತು. ಗಾಡಿ ಅದುರಿ ಅದುರಿ ತಾನ ಸಡ್ಲಾಗಿ ಉದುರಿತ್ತು. ನಾನ ಎತ್ತಿ ಗುದ್ಲೆಪ್ಪನ ಕೈಯಾಗ ಇಟ್ಟೆ. ಅವತ್ತ ಅವಾ ರೊಟ್ಟಿ ಗಂಟ ಬಿಚ್ಚಲಿಲ್ಲ. ಸಾಹೇಬ್ರ ಮುಂದ ಹೋಗಿ, ನನ್ನ ತಮ್ಮ ಕಳ್ಳ ಅಲ್ರಿ ಅಂದ. ಅದಕ್ಕ ಕೇಸ್ ಬಿದ್ದಹೋತು.”

ಬೀರಪ್ಪ ಹೊರಸಿನಿಂದ ಎದ್ದ. ಏನೋ ಹುಡುಕುವವನಂತೆ ಸುತ್ತ ನೋಡಿ ಮತ್ತೆ ಕೂತ.

“ನನಗ್ಯಾಕ ಹೇಳಲಿಲ್ಲ?”

“ನಾ ಹೇಳ್ತೇನಿ ಅಂದೆ. ಬ್ಯಾಡ, ತಪ್ಪ ನಂದು, ನಾನ ಹೋಗಿ ಕಾಲ ಹಿಡಿತೇನಿ ಅಂದ. ದಿನಾ ಸಂಜಿಕ ಆ ದಿಬ್ಬದ ಮ್ಯಾಲ ಬಂದ ನಿಲ್ತಿದ್ದ. ನೀ ನೋಡಿಲ್ಲೇನು?”

ನೋಡಿದ್ದ. ವರ್ಷಗಟ್ಟಲೆ ನೋಡಿದ್ದ. ನೌಕರಿ ಮುಗಿದ ಮೇಲೂ ಗುದ್ಲೆಪ್ಪ ಹಳಿಯ ಪಕ್ಕದ ದಿಬ್ಬಕ್ಕೆ ಬಂದು ನಿಲ್ಲುತ್ತಿದ್ದ. ‘ಇನ್ನೇನ ಕದ್ದೇನಂತ ನೋಡಾಕ ಬಂದೀ?’ ಎಂದು ಬೀರಪ್ಪ ಇಲ್ಲಿಂದಲೇ ಒದರುತ್ತಿದ್ದ. ಗುದ್ಲೆಪ್ಪ ಒಂದು ಗಳಿಗೆ ನಿಂತು, ಹಿಂದಕ್ಕೆ ತಿರುಗಿ ಹೋಗುತ್ತಿದ್ದ.

“ಕಾವಲಾ ಕಾಯಾಕ ಬರ್ತಾನ ಅಂದಕೊಂಡಿದ್ನಲ್ರಿ,” ಎಂದ ಬೀರಪ್ಪ. “ಅವಗ ಬಾಯಿ ಇರಲಿಲ್ಲೇನು?”

“ನಿನಗ ಭಾಳ ಇತ್ತಲ್ಲ.”

ಅಂದ ಮೇಲೆ ಶಹಾಬುದ್ದೀನನಿಗೇ ಕೆಡುಕೆನಿಸಿತು. “ಅವನ ಮಾತ ಕೇಳಿ ನಾನೂ ಸುಮ್ನ ಕುಂತೆ. ಕುಂದರಬಾರದಿತ್ತು,” ಎಂದು ಹೇಳಿ ಊರ ಕಡೆ ನಡೆದ.

*

ಹೆಣ ಗೇಟಿಗೆ ಬರುವುದಕ್ಕೂ ಗೇಟು ಬೀಳುವುದಕ್ಕೂ ಸರಿಹೋಯಿತು. ಚಟ್ಟವನ್ನು ದಾರಿಯಲ್ಲೇ ಇಳಿಸಿದರು. ಗೂಡ್ಸ್ ಗಾಡಿ ಬಂತು. ಈಗ ಅಲ್ಲಿ ಹಳಿಗಳನ್ನು ಬೆಸೆದುಬಿಟ್ಟಿದ್ದಾರೆ. ಮೊದಲಿನ ಟಕಟಕ ಸದ್ದಿಲ್ಲ, ಒಂದೇ ಸಮನೆ ಮೊರೆದುಕೊಂಡು ಹೋಗುತ್ತದೆ. ಕೊನೆಯ ಡಬ್ಬಿ ದಾಟಿದಾಗ ಗೇಟಿನ ಆಚೆ ಬೀರಪ್ಪ ನಿಂತಿದ್ದ. ಟವೆಲ್ಲನ್ನು ಮಡಿಸಿ ಹೆಗಲಿಗೆ ಹಾಕಿಕೊಂಡಿದ್ದ.

ತಿಪ್ಪವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮೈಲಾರಲಿಂಗ ಮುಂದಿನ ಜಾಗ ಬಿಟ್ಟುಕೊಟ್ಟ. ಬೀರಪ್ಪ ಅಣ್ಣನನ್ನು ಹೊತ್ತು ಹಳಿ ದಾಟಿದ. ಮತ್ತೊಬ್ಬರು ಬದಲಿಗೆ ಬಂದರೂ ಹೆಗಲು ಬಿಡಲಿಲ್ಲ. ಮಣ್ಣು ಹಾಕುವಾಗ ಮಾತ್ರ ಅವನಿಗೆ ತಡೆಯಲಾಗಲಿಲ್ಲ.

“ಒಂದ ಮಾತ ಒದರಿದ್ರ ಸಾಕಿತ್ತಲ್ಲೋ ಅಣ್ಣಾ!”

ಎಲ್ಲರೂ ಕೈಕಾಲು ತೊಳೆದುಕೊಂಡು ಊರಿಗೆ ಮರಳಿದರು. ಹೊತ್ತು ಮುಳುಗುವಾಗ ಬೀರಪ್ಪ ಒಬ್ಬನೇ ದಿಬ್ಬ ಹತ್ತಿದ. ಅಣ್ಣ ನಿಲ್ಲುತ್ತಿದ್ದ ಕಡೆ ಹುಲ್ಲು ಇನ್ನೂ ಸರಿಯಾಗಿ ಎದ್ದಿರಲಿಲ್ಲ. ಅಲ್ಲಿಂದ ತನ್ನ ಬೇವಿನ ಮರ, ಹೊರಸು, ಅಂಗಳ ಗುಡಿಸುತ್ತಿದ್ದ ಸರೋಜವ್ವ, ಅವಳ ಕೈಬಳೆ ಕೂಡ ಕಾಣುತ್ತಿತ್ತು. ಇಷ್ಟು ಹತ್ತಿರ ಎಂದು ಅವನಿಗೆ ಗೊತ್ತಿರಲಿಲ್ಲ.

ಮಬ್ಬಿನಲ್ಲಿ ಅವಳಿಗೆ ಗುರುತು ಹತ್ತಲಿಲ್ಲ.

“ಯಾರದು, ದಿಬ್ಬದ ಮ್ಯಾಲ?”

ಬೀರಪ್ಪ ಬಾಯಿ ತೆರೆದ. ದನಿ ಬರಲಿಲ್ಲ.

“ಯಾರು? ಏನ ಬೇಕಾಗಿತ್ತು?”

ಬೀರಪ್ಪ ಒಂದು ಗಳಿಗೆ ನಿಂತು, ಹಿಂದಕ್ಕೆ ತಿರುಗಿ ನಡೆದ.