ಮೂರನೇ ಕ್ಲಾಸಿನ ಗಡೀಪಾರು

ಟಣ್ ಅಂತ ಬಿತ್ತು ಮೊದಲನೆಯ ಚೂರು, ತಗಡಿನ ಬಕೆಟ್ಟಿನ ತಳದಲ್ಲಿ ಒಂದು ಸುತ್ತು ಗಿರಕಿ ಹೊಡೆದು ತೆಪ್ಪಗಾಯಿತು, ಆಹಾ ಎಂಥ ಸದ್ದು, ಅಲ್ಲಿಯೂ ಹೀಗೇ ಕೇಳಿಸಿರಬೇಕು, ಆ ಹಳೆಯ ಗ್ರೀಕರ ಊರಿನ ಚೌಕದಲ್ಲಿ, ಬಿಸಿಲಿನಲ್ಲಿ, ಗಡ್ಡದವರೆಲ್ಲ ಸಾಲಾಗಿ ನಿಂತು ಒಡೆದ ಮಡಕೆಯ ಚೂರಿನ ಮೇಲೆ ಯಾರದೋ ಹೆಸರು ಗೀಚಿ ಹಾಕುತ್ತಿದ್ದಾಗ — ಯಾರ ಹೆಸರು ಹೆಚ್ಚು ಬಂತೋ ಅವನು ಹತ್ತು ವರ್ಷ ಊರು ಬಿಡಬೇಕು, ಮನೆ ಆಸ್ತಿ ಮರ್ಯಾದೆ ಎಲ್ಲ ಅವನದೇ, ಊರು ಮಾತ್ರ ಇಲ್ಲ — ಟಣ್, ಇದು ಎರಡನೆಯದು, ಮೇಜಿನ ಪಕ್ಕ ನಿಂತ ಮಿಸ್‌ಗೆ ಖುಷಿ ತಡೆಯಲಾಗುತ್ತಿಲ್ಲ, ಎಷ್ಟು ವಾರದಿಂದ ಗಣಿತ, ವಿಜ್ಞಾನ, ಭಾಷೆ, ಆಟ, ಚಿತ್ರ ಎಲ್ಲವನ್ನೂ ಗ್ರೀಕರ ಬೆನ್ನಿಗೇ ಕಟ್ಟಿ ಎಳೆಯುತ್ತಿದ್ದಾರೆ, ಕಂಬದ ನೆರಳು ಅಳೆದು ಕಂಬದ ಎತ್ತರ ಕಂಡುಹಿಡಿದದ್ದಾಯಿತು, ತುಂಬಿದ ತೊಟ್ಟಿಗೆ ಕಲ್ಲು ಹಾಕಿ ಚೆಲ್ಲಿದ ನೀರನ್ನು ಅಳೆಯಲು ಹೋಗಿ ಅರ್ಧ ಕ್ಲಾಸು ಒದ್ದೆಯಾಯಿತು, ರಟ್ಟಿನ ಮುಖವಾಡ ಹಾಕಿಕೊಂಡು ಬಾಯಿಪಾಠ ಒಪ್ಪಿಸಿದರು, ನೀಲಿ ಬೆಡ್‌ಶೀಟ್ ಹಾಸಿ ಅದರ ಮೇಲೆ ದ್ವೀಪಗಳೆಂದು ತಮ್ಮ ಚಪ್ಪಲಿಗಳನ್ನೇ ಬಿಟ್ಟರು, ಮನೆಯಲ್ಲಿ ಮಾತ್ರ ಗಂಡ, ಗ್ಯಾರೇಜಿನ ಮೆಕ್ಯಾನಿಕ್ಕು, ಗ್ರೀಸ್ ಬೇಕಿದ್ರೆ ನನ್ನ ಕೇಳಬಾರದಾ, ಡಬ್ಬಗಟ್ಟಲೆ ಇದೆ, ಅಂದ, ಅಂದವನು ತನ್ನ ಜೋಕಿಗೆ ತಾನೇ ನಕ್ಕು ನಕ್ಕು ಕೆಮ್ಮಿದ, ಆದರೆ ನಿನ್ನೆ ಸಂಜೆ ಪಾಪ ಅವನೇ ಕೂತು ಒಡೆದ ಹೂಕುಂಡದ ಚೂರುಗಳ ಅಂಚನ್ನೆಲ್ಲ ಉಪ್ಪುಕಾಗದದಿಂದ ಉಜ್ಜಿಕೊಟ್ಟ, ಮಕ್ಕಳ ಕೈ ಕಣೇ, ಕೊಯ್ದುಬಿಟ್ಟರೆ, ಅಂತ — ಟಣ್.

ಮಕ್ಕಳ ಕೈ ಕೊಯ್ಯುವುದಿಲ್ಲ, ಸರಿ, ಆದರೆ — ಈ ಆದರೆ ಎಲ್ಲಿಂದ ಬಂತು, ನಾಲ್ಕನೆಯದೋ ಐದನೆಯದೋ ಚೂರು ಬಿದ್ದಾಗ ಬಂತು, ಸಾಲಿನ ನಡುವೆ ನಿಂತಿದ್ದ ಗುಡುಗಿನ ತಲೆ ಕಂಡಾಗ. ಗುಡುಗು ಅಂದರೆ ಕೊನೆಯ ಬೆಂಚಿನ ಹುಡುಗಿ, ಅಜ್ಜಿ ಇಟ್ಟ ಅಡ್ಡಹೆಸರು ಮನೆಯಿಂದ ಶಾಲೆಗೂ ಬಂದು ಹಾಜರಿ ಪುಸ್ತಕದ ಹೆಸರನ್ನು ಎಲ್ಲರೂ ಮರೆತೇಬಿಟ್ಟಿದ್ದಾರೆ, ಅವಳು ಪಕ್ಕದವರ ರಬ್ಬರು ಕೇಳುವುದಿಲ್ಲ, ಎತ್ತಿಕೊಳ್ಳುತ್ತಾಳೆ, ಓಡುವಾಗ ಎದುರಿಗಿದ್ದವರನ್ನು ಬೀಳಿಸಿ ತಿರುಗಿ ಬಂದು ಎಬ್ಬಿಸುತ್ತಾಳೆ, ಅವಳ ದನಿಗೆ ಕಿಟಕಿಯ ಗಾಜು ಜುಂ ಅನ್ನುತ್ತದೆ, ವಾರಕ್ಕೆ ನಾಲ್ಕು ಸಲವಾದರೂ ದೂರು, ಮಿಸ್, ಗುಡುಗು ತಳ್ಳಿದ್ಲು, ಮಿಸ್, ಗುಡುಗು ಕಿತ್ಕೊಂಡ್ಲು — ಅಯ್ಯೋ ದೇವರೇ, ನಾನೇನು ಮಾಡಿಬಿಟ್ಟೆ, ಬೆಳಿಗ್ಗೆಯೇ ಇಷ್ಟು ಮಕ್ಕಳ ಕೈಗೆ ಒಂದೊಂದು ಚೂರು ಕೊಟ್ಟು, ಕ್ಲಾಸಿಂದ ಯಾರನ್ನ ಕಳಿಸ್ತೀರೋ ಬರೀರಿ, ಅಂತ ಬಾಯಿ ತುಂಬ ನಗುತ್ತ ಹೇಳಿದೆನಲ್ಲ, ಪ್ರಜಾಪ್ರಭುತ್ವ ಅಂತೆ, ಮತ ಎಣಿಕೆ ಅಂತೆ, ಸ್ತಂಭಚಿತ್ರ ಬಿಡಿಸೋದಂತೆ, ಮಂಡೆಯಲ್ಲಿ ಮಿದುಳಿನ ಬದಲು ಗಂಡನ ಗ್ರೀಸೇ ತುಂಬಿತ್ತೋ ಏನೋ, ಟಣ್, ಹೊಟ್ಟೆನೋವು ಅಂದುಬಿಡಲೇ, ಬಕೆಟ್ ಎಡವಿ ಬೀಳಿಸಲೇ, ಬಿದ್ದರೆ ಎಲ್ಲ ಹೆಸರೂ ನೆಲದ ಮೇಲೆ ಅಂಗಾತ ಬೀಳುತ್ತವೆ, ಅದಿನ್ನೂ ಕೆಟ್ಟದ್ದು, ಟಣ್ ಟಣ್, ಈಗ ಗುಡುಗಿನ ಸರದಿ, ಅವಳು ಚೂರನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡು ಬಂದಳು, ಯಾರನ್ನೂ ತಳ್ಳಲಿಲ್ಲ, ಬಕೆಟ್ಟಿಗೆ ಬಗ್ಗಿ, ಎಸೆಯದೆ, ತಳಕ್ಕೆ ಕೈಯಿಳಿಸಿ ಇಟ್ಟಳು, ಅವಳ ಚೂರು ಸದ್ದೇ ಮಾಡಲಿಲ್ಲ.

ಎಣಿಸಿ ಮಿಸ್, ಎಣಿಸಿ, ಅಂತ ಎಲ್ಲರೂ ಬೆಂಚಿನ ಮೇಲೆ ಮೊಣಕಾಲೂರಿ ನಿಂತರು, ಇವರ ಮುಖದಲ್ಲಿ ಅದೇನು ನಗೆ, ಬಾಯಿ ಮುಚ್ಚಿಕೊಂಡು ಕಿಸಿಕಿಸಿ, ಕಿಡಿಗೇಡಿಗಳು, ಮಿಸ್ ಬಕೆಟ್ಟಿಗೆ ಕೈ ಹಾಕಿದರು, ಮನಸ್ಸಿನಲ್ಲೇ ಒಂದು ಸುಳ್ಳು ಹೊಸೆದಿಟ್ಟುಕೊಂಡರು, ಏನೇ ಬರೆದಿರಲಿ ಬೇರೆ ಏನಾದರೂ ಓದುವುದು, ಒಂದೊಂದು ಚೂರಿಗೂ ಒಂದೊಂದು ಹೆಸರು, ಎಲ್ಲರಿಗೂ ಒಂದೊಂದು ಮತ, ಗಡೀಪಾರು ರದ್ದು, ಪಾಠ ಮುಗಿಯಿತು, ಹೊರಗೆ ಹೋಗಿ ಆಡಿ — ಮೊದಲ ಚೂರು ತೆಗೆದರೆ ಅದರ ಮೇಲೆ ಮಿಸ್ ಅಂತ ಇತ್ತು. ಎರಡನೆಯದರಲ್ಲಿಯೂ ಮಿಸ್. ಮೂರನೆಯದು ಮಿಸು, ನಾಲ್ಕನೆಯದು ಮೀಸ್, ಐದನೆಯದರಲ್ಲಿ ಮಿಸ್ ಜೊತೆಗೆ ಒಂದು ಹೂವು, ಮತ್ತೊಂದರಲ್ಲಿ ಸೀರೆ ಉಟ್ಟ ಬೆಂಕಿಕಡ್ಡಿಯಂಥ ಒಂದು ಆಕೃತಿ, ಕ್ಲಾಸೆಲ್ಲ ಹೋ ಅಂತ ಕೂಗಿತು, ಮುಂದಿನದರಲ್ಲಿ ಮೀಸೆ ಅಂತಿತ್ತು. ಮೀಸೆ ಯಾರು, ಅಂದರು ಮಿಸ್. ಮುಂದಿನ ಬೆಂಚಿನ ವಕೀಲ ಎದ್ದು ನಿಂತ, ಕನ್ನಡಕದ ಹುಡುಗ, ಯಾವುದಕ್ಕೂ ಕಾನೂನು ಕೇಳುತ್ತಾನೆಂದು ಮಿಸ್ಸೇ ಇಟ್ಟ ಹೆಸರು, ಅದು ಪಿ.ಟಿ. ಸರ್‌ಗೆ ಹೋಗಬೇಕು ಮಿಸ್, ಅವರಿಗೆ ಮೀಸೆ ಇದೆ, ಅಂದ, ಕಿಟಕಿಯ ಪಕ್ಕದ ಪುಟ್ಟ ಹುಡುಗಿ, ಇಲ್ಲ ನಾನು ಮಿಸ್ ಅಂತಾನೇ ಬರೆದಿದ್ದು, ಕೈ ಜಾರಿ ಮೀಸೆ ಬಂತು, ಅಂತ ಅಳುಮುಖ ಮಾಡಿದಳು, ಬರೆದಿದ್ದೇ ಲೆಕ್ಕ ಅಂತ ವಕೀಲ, ಕೈ ಜಾರಿದ್ದನ್ನೂ ಲೆಕ್ಕಕ್ಕೆ ತಗೋತಾರಾ ಅಂತ ಇನ್ನೊಬ್ಬ, ಕಡೆಗೆ ಒಂದು ಮತ ಮೀಸೆಗೆ ಅಂತ ಬೋರ್ಡಿನ ಮೇಲೆ ಬರೆದದ್ದಾಯಿತು, ನಗು ನಿಲ್ಲಿಸಲಾಗದೆ ಮಿಸ್ ಮತ್ತೆ ಕೈ ಹಾಕಿದರು, ಗುಡುಗಿನ ಹೆಸರು ಇಲ್ಲ, ಎಲ್ಲಿಯೂ ಇಲ್ಲ, ಎದೆ ಹಗುರಾಗಿ ಹಾರುತ್ತಿದೆ, ಇನ್ನು ತಳದಲ್ಲಿ ಒಂದೇ ಒಂದು ಚೂರು, ತೆಗೆದರು, ಗುಡು ಅಂತ ಇತ್ತು, ದಪ್ಪ ಅಕ್ಷರ, ಇದೇನಿದು ಗುಡು, ತಿರುಗಿಸಿದರು, ಜಾಗ ಸಾಲದೆ ಕೊನೆಯ ಅಕ್ಷರ ಹಿಂದೆ ಹೋಗಿತ್ತು, ಗು. ಆ ಅಕ್ಷರ ಮಿಸ್‌ಗೆ ಗೊತ್ತು, ದಿನಾ ಕೆಂಪು ಮಸಿಯಲ್ಲಿ ತಿದ್ದುವ ಅಕ್ಷರ, ಬಾಲವನ್ನು ಉಲ್ಟಾ ಎಳೆಯುವ ಆ ಗು ಕ್ಲಾಸಿನಲ್ಲಿ ಒಬ್ಬಳದೇ. ತನ್ನ ಹೆಸರನ್ನು ತಾನೇ. ಇದೂ ಮಿಸ್ಸೇ, ಅಂದು ಚೂರನ್ನು ಸ್ವೆಟರಿನ ಜೇಬಿಗೆ ಇಳಿಬಿಟ್ಟರು, ವಕೀಲ ಆಗಲೇ ಗಂಟಲು ಸರಿಮಾಡಿಕೊಂಡು ನಿಂತಿದ್ದ, ಯಾರ ಹೆಸರು ಬರೆದ್ರೂ ಅವರು ಅಳ್ತಾರೆ ಮಿಸ್, ಅದಕ್ಕೇ ಊಟದ ಬೆಲ್ಲಲ್ಲಿ ಕಿವಿಯಿಂದ ಕಿವಿಗೆ ಹೇಳ್ಕೊಂಡು ನಿಮ್ಮ ಹೆಸರೇ ಬರೆಯೋದು ಅಂತ ಮಾಡಿದ್ವಿ, ನೀವು ದೊಡ್ಡೋರು, ನೀವು ಅಳಲ್ಲ. ಇಲ್ಲ ಇಲ್ಲ, ನಾನ್ಯಾಕೆ ಅಳ್ತೀನಿ, ಅಂತ ಮಿಸ್ ಸೆರಗಿನಿಂದ ಮೂಗು ಒರೆಸಿಕೊಂಡು ಕುರ್ಚಿ ಎತ್ತಿಕೊಂಡು ಹೊರಟರು.

ಕಾರಿಡಾರಿನಲ್ಲಿ ಗಾಳಿ ಚೆನ್ನಾಗಿದೆ, ಗಡೀಪಾರು ಇಷ್ಟು ಹಾಯಾಗಿರುತ್ತದೆ ಅಂತ ಗೊತ್ತಿದ್ದರೆ ಮೊದಲ ವಾರವೇ ಮಾಡಿಸಿಕೊಳ್ಳಬಹುದಿತ್ತು, ಒಳಗೆ ಏನೋ ಗಲಾಟೆ, ಕಾನೂನು ಮಾಡ್ತಿದಾರೆ, ಮಾಡಲಿ — ಕಿವಿಯಿಂದ ಕಿವಿಗೆ ಅಂದನಲ್ಲ, ಅಷ್ಟು ಕಿವಿ ದಾಟಿದ ಮಾತು ಒಂದು ಕಿವಿಗೆ ಮಾತ್ರ ಬೀಳಲಿಲ್ಲ, ಕ್ಲಾಸೆಲ್ಲ ಸೇರಿ ಕಾಪಾಡಿದ್ದು ಅವಳನ್ನೇ ಇರಬಹುದು, ಅವಳಿಗೇ ಗೊತ್ತಿಲ್ಲ — ಜೇಬಿನೊಳಗೆ ಬೆರಳು ಚೂರನ್ನು ಸವರಿತು, ಗುಡು, ಗು — ಯಾಕ್ರೀ ಹೊರಗೆ ಕೂತಿದೀರಿ, ದೊಡ್ಡ ಮೇಡಂ ರೌಂಡಿಗೆ ಬಂದಿದ್ದರು, ಮುಖ್ಯೋಪಾಧ್ಯಾಯಿನಿ, ಕನ್ನಡಕ ಮೂಗಿನ ತುದಿಯಲ್ಲಿ. ನನ್ನ ಗಡೀಪಾರು ಮಾಡಿದಾರೆ ಮೇಡಂ. ಎಷ್ಟು ದಿನಕ್ಕೆ? ಹತ್ತು ವರ್ಷಕ್ಕೆ. ಅಯ್ಯೋ, ಬದಲಿ ಟೀಚರ್‌ನ ನಂಗೆ ಯಾರು ಕೊಡ್ತಾರೆ, ಅಷ್ಟರಲ್ಲಿ ನಾನೂ ರಿಟೈರಾಗಿರ್ತೀನಿ, ಅಂದು ಮೇಡಂ ಗಂಭೀರವಾಗಿ ಯೋಚಿಸಿ, ಸಂಬಳ ಬರುತ್ತಾ, ಅಂತ ಕೇಳಿದರು. ಬರುತ್ತೆ ಮೇಡಂ, ಆಸ್ತಿ ಮರ್ಯಾದೆ ಎರಡೂ ಹೋಗಲ್ಲ. ಹಾಗಾದ್ರೆ ನನ್ನ ಹೆಸರೂ ಬರೆಸಿ, ಅಂದು ನಗುತ್ತ ಮುಂದೆ ಹೋದರು, ಅವರ ಬೆನ್ನು ತಿರುವಿನಲ್ಲಿ ಮರೆಯಾಗುವ ಹೊತ್ತಿಗೆ ಬಾಗಿಲು ಕಿರ್ ಅಂದಿತು, ಗುಡುಗು ತನ್ನ ನೀರಿನ ಬಾಟಲಿ ಹಿಡಿದುಕೊಂಡು ಹೊರಗೆ ಬಂದು ಕುರ್ಚಿಯ ಪಕ್ಕ ನೆಲದ ಮೇಲೆ ಕೂತಳು. ನೀನ್ಯಾಕೆ ಬಂದೆ? ನಂಗೂ ಒಂದು ವೋಟು ಬಿದ್ದಿದೆ ಮಿಸ್, ನೀವು ಓದಲಿಲ್ಲ ಅಷ್ಟೆ. ಮಿಸ್ ಕುರ್ಚಿಯನ್ನು ಅವಳ ಕಡೆಗೆ ತಿರುಗಿಸಿದರು, ಬಿ.ಎಡ್. ಪುಸ್ತಕದಲ್ಲಿ ಇದಕ್ಕೆ ಯಾವ ಅಧ್ಯಾಯವೂ ಇರಲಿಲ್ಲ. ಎಲ್ರೂ ನನ್ನ ಹೆಸರೇ ಬರೀತಾರೆ ಅಂದ್ಕೊಂಡೆ, ನಾನೂ ಬರೆದುಬಿಟ್ರೆ ಬೇಗ ಮುಗಿಯುತ್ತೆ ಅಂತ, ಅಂದಳು ಗುಡುಗು, ಬಾಟಲಿಯ ಮುಚ್ಚಳ ತಿರುಗಿಸುತ್ತ. ನಿಂಗೆ ಯಾರೂ ಹೇಳಲಿಲ್ವಾ ಮರಿ? ನಂಗೆ ಗುಟ್ಟು ಹೇಳಲ್ಲ ಮಿಸ್, ನಾನು ಮೆತ್ತಗೆ ಅಂದ್ಕೊಂಡೇ ಮಾತಾಡ್ತೀನಿ, ಅದು ಬರೋವಾಗ ಜೋರಾಗಿ ಬರುತ್ತೆ — ಇದೂ ಜೋರಾಗಿಯೇ ಬಂತು, ಕಾರಿಡಾರಿನ ಆ ತುದಿಗೆ ಬಡಿದು ವಾಪಸ್ಸೂ ಬಂತು, ಬರುತ್ತೆ, ಬರುತ್ತೆ, ಒಳಗಿನ ಗಲಾಟೆ ಥಟ್ಟನೆ ನಿಂತಿತು.

ಬಾಗಿಲ ಸಂದಿಯಲ್ಲಿ ವಕೀಲನ ಕನ್ನಡಕ, ಅವನು ಕೇಳಿಸಿಕೊಂಡಿದ್ದ, ಎಲ್ಲರೂ ಕೇಳಿಸಿಕೊಂಡಿದ್ದರು, ಅವನ ಕಿವಿ ಕೆಂಪಾಗಿತ್ತು, ಮಿಸ್, ವಾಪಸ್ ಕರೆಯೋ ಕಾನೂನು ಪಾಸಾಗಿದೆ, ಅಂದ ಮೆಲ್ಲಗೆ. ಹಾಗೆಲ್ಲ ಸಂದಿಯಿಂದ ಕರೆದ್ರೆ ಆಗಲ್ಲಪ್ಪ, ಮಿಸ್ ಕುರ್ಚಿಯಲ್ಲಿ ಹಿಂದಕ್ಕೊರಗಿದರು, ಊರಾಚೆ ಇರೋರಿಗೆ ಕೇಳಿಸಬೇಕು, ಗ್ರೀಕರ ಹತ್ರ ಕೂಗಿ ಸಾರೋರು ಇದ್ರು, ಮೈಕ್ ಇಲ್ಲ ನೋಡು, ಅಷ್ಟು ಜನಕ್ಕೆ ಒಬ್ಬನ ಗಂಟಲೇ ಸಾಕಾಗಬೇಕಿತ್ತು, ಅಂಥವರು ಸಿಗೋದು ಕಷ್ಟ, ಸಿಕ್ಕರೆ ಬಲು ಮರ್ಯಾದೆ, ನಿಮ್ಮಲ್ಲಿ ಯಾರಾದ್ರೂ ಇದಾರಾ? ವಕೀಲ ಗುಡುಗನ್ನು ನೋಡಿದ, ಗುಡುಗು ಬಾಟಲಿಯನ್ನು ನೋಡಿದಳು, ಕನ್ನಡಕ ಒಳಕ್ಕೆ ಹೋಯಿತು, ಗುಸುಗುಸು, ಮತ್ತೆ ಬಾಗಿಲು ತೆರೆದಾಗ ಇಡೀ ಕ್ಲಾಸು ಸಾಲಾಗಿ ಹೊರಗೆ ಬಂತು, ಮೀಸೆ ಬರೆದ ಹುಡುಗಿ ಎಲ್ಲರಿಗಿಂತ ಮುಂದೆ, ಅವಳು ಗುಡುಗಿನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಕೈ ಅಡ್ಡ ಹಿಡಿದು, ಗುಡುಗಿನ ಕಿವಿಯಲ್ಲಿ ಏನೋ ಹೇಳಿದಳು, ಆಮೇಲೆ ವಕೀಲ, ಆಮೇಲೆ ಇನ್ನೊಬ್ಬ, ನಂದು ನಂದು ಅಂತ ಸಾಲು ನಿಂತು ಒಬ್ಬೊಬ್ಬರೂ ಆ ಕಿವಿಗೆ ಒಂದೊಂದು ಮಾತು, ಗುಡುಗು ಕಚಗುಳಿಗೆ ಹೆಗಲು ಎತ್ತಿಕೊಂಡು ಉಸಿರು ಬಿಗಿಹಿಡಿದು ಕೂತಿದ್ದಾಳೆ, ಕಣ್ಣು ಇಷ್ಟಗಲ, ಕೊನೆಯವನದು ಮುಗಿದದ್ದೇ ಎದ್ದು ನಿಂತು ಕಾರಿಡಾರಿನ ನಡುವೆ ಕಾಲೂರಿ ಕೂಗಿದಳು ನೋಡಿ, ಮೂರನೇ ಕ್ಲಾಸಿನ ಸಮಸ್ತರ ಪರವಾಗಿ ಕೇಳಿ ಕೇಳಿ, ನಮ್ಮ ಮಿಸ್ ವಾಪಸ್ ಬರಬೇಕು, ಸಾರೋ ಗುಡುಗೂ ಜೊತೆಗೇ ಬರಬೇಕು — ಒಂದೊಂದೇ ಕ್ಲಾಸಿನ ಬಾಗಿಲು ತೆರೆಯಿತು, ಪಿ.ಟಿ. ಸರ್ ಮೈದಾನದಿಂದ ಓಡಿ ಬಂದರು, ಬೆಂಕಿ ಎಲ್ಲಿ, ಬೆಂಕಿ ಎಲ್ಲಿ, ಅಂತ, ಅವರ ಮೀಸೆ ಕಂಡದ್ದೇ ಮಕ್ಕಳು ನೆಲಕ್ಕೆ ಬಿದ್ದು ನಗತೊಡಗಿದರು, ನಿಮಗೂ ಒಂದು ವೋಟು ಬಿದ್ದಿದೆ ಸರ್, ಅಭಿನಂದನೆ, ಅಂತ ವಕೀಲ ಅವರ ಕೈ ಕುಲುಕಿದ.

ಬೆಲ್ಲಿಗೆ ಇನ್ನೂ ಹೊತ್ತಿತ್ತು, ಮಿಸ್ ಬೋರ್ಡಿನ ಮೇಲೆ ಗೆರೆ ಎಳೆದರು, ಮಿಸ್‌ಗೆ ಉದ್ದನೆಯ ಸ್ತಂಭ, ಮೀಸೆಗೆ ಒಂದೇ ಚೌಕದ ಗಿಡ್ಡ ಸ್ತಂಭ, ಒಂದು ಮತಕ್ಕೆ ಒಂದು ಚೌಕ, ಬಣ್ಣ ತುಂಬಿ, ಗೆರೆ ದಾಟಿ ಹೊರಗೆ ಹೋಗಬೇಡಿ, ಗಾಳಿಗೆ ಪಟಪಟ ಅನ್ನುವ ಬೆಡ್‌ಶೀಟಿನ ನೀಲಿ ಸಮುದ್ರ ಈಗ ಗೋಡೆಯ ಮೇಲೆ, ಇವತ್ತು ಮನೆಗೆ ಹೋಗಿ ಗಂಡನಿಗೆ ಹೇಳಬೇಕು, ನಿನ್ನ ಉಪ್ಪುಕಾಗದ ಸಾರ್ಥಕವಾಯಿತು ಕಣೋ ಅಂತ, ಅವನು ಮತ್ತೆ ಅದೇ ಡಬ್ಬದ ಜೋಕು ಹೇಳುತ್ತಾನೆ, ಹೇಳಲಿ, ನಗುತ್ತೇನೆ — ಮಿಸ್, ಲೆಕ್ಕ ಸರಿ ಬರ್ತಿಲ್ಲ, ವಕೀಲ ಎದ್ದಿದ್ದ, ಬಕೆಟ್ಟಿನ ಚೂರುಗಳನ್ನೆಲ್ಲ ಬೆಂಚಿನ ಮೇಲೆ ಸಾಲಾಗಿ ಜೋಡಿಸಿಕೊಂಡು, ಒಂದು ಚೂರು ಕಮ್ಮಿ ಇದೆ. ಕೊನೆಯ ಬೆಂಚಿನಿಂದ ಗುಡುಗು ಅಂಗೈ ಅಡ್ಡ ಹಿಡಿದು, ಬಲು ಎಚ್ಚರಿಕೆಯಿಂದ, ತನ್ನ ಬದುಕಿನ ಅತಿ ಮೆತ್ತನೆಯ ದನಿಯಲ್ಲಿ, ಅದು ಮಿಸ್ ಹತ್ರ ಇದೆ, ಗುಟ್ಟು, ಅಂದದ್ದು ಇಡೀ ಕ್ಲಾಸಿಗೆ, ಪಕ್ಕದ ಕ್ಲಾಸಿಗೂ ಕೇಳಿಸಿತು, ಯಾರೂ ನಗಲಿಲ್ಲ, ಎಲ್ಲರೂ ಗುಟ್ಟು ಕಾಯುವವರ ಹಾಗೆ ತಲೆ ತಗ್ಗಿಸಿ ಚೌಕಗಳಿಗೆ ಬಣ್ಣ ತುಂಬತೊಡಗಿದರು, ಮಿಸ್ ಸೀಮೆಸುಣ್ಣ ಎತ್ತಿಕೊಂಡರು, ಮುಂದಿನ ಪ್ರಶ್ನೆ ಬರೆಯಬೇಕು, ಯಾವ ಪ್ರಶ್ನೆ, ಇನ್ನೊಂದು ಕೈ ಜೇಬಿನಲ್ಲೇ ಇತ್ತು, ಹೆಬ್ಬೆರಳಿನ ಕೆಳಗೆ ನುಣುಪಾದ ಅಂಚು, ಈ ಬದಿಗೆ ಗುಡು, ತಿರುಗಿಸಿದರೆ, ಗು.